ಎನ್ ಸ್ಕೇಲ್‌ನಲ್ಲಿ ಟಿಜಿವಿ, ಥಾಲಿಸ್, ಐಸಿಇ: ಕೊಳ್ಳುವುದು ಹೇಗೆ?

ಫ್ರಾನ್ಸ್‌ನ ಟಿಜಿವಿ, ಜರ್ಮನಿಯ ಐಸಿಇ, ಪ್ಯಾರಿಸ್–ಬ್ರಸೆಲ್ಸ್ ಕಡೆಯ ಥಾಲಿಸ್‌ನಂಥ ಯುರೋಪಿನ ಹೈಸ್ಪೀಡ್ ರೈಲಿನ ಪುಟ್ಟ ಮಾದರಿ ಬೇಕೆಂದು ವಿಚಾರಿಸಿದರೆ ಹೆಚ್ಚಿನ ಅಂಗಡಿಗಳಲ್ಲಿ ಸಿಗುವ ಉತ್ತರ ‘ಸ್ಟಾಕ್ ಇಲ್ಲ’. ಇವು ವರ್ಷವಿಡೀ ತಯಾರಾಗುವ ಸರಕಲ್ಲ. ಕಂಪನಿ ಒಂದು ಕಂತು, ಅಂದರೆ ಒಂದು ಬಾರಿಗೆ ಇಷ್ಟೆಂದು, ತಯಾರಿಸಿ ಅಂಗಡಿಗಳಿಗೆ ಹಂಚಿದರೆ ಮುಗಿಯಿತು. ಅದೇ ರೈಲು ಮತ್ತೆ ಬರುವುದು ಒಂದೆರಡು ವರ್ಷಕ್ಕೋ, ಬೇರೆ ಬಣ್ಣದಲ್ಲೋ, ಕೆಲವೊಮ್ಮೆ ಬರುವುದೇ ಇಲ್ಲ. ಹಾಗಾಗಿ ಬೆಲೆ ಕೇಳುವ ಮೊದಲು ನಿಮ್ಮ ರೈಲಿನ ಕಂತು ಈಗ ಯಾವ ಹಂತದಲ್ಲಿದೆ ಎಂದು ನೋಡಬೇಕು.

ಜಾಗ ಅಳೆಯಿರಿ

ಎನ್ ಸ್ಕೇಲ್ ಎಂದರೆ 1:160, ಅಂದರೆ ಅಸಲಿ ರೈಲಿನ 160ನೇ ಒಂದು ಭಾಗದ ಗಾತ್ರ, ಹಳಿಯ ಅಗಲ 9 ಮಿಲಿಮೀಟರ್. ಅಸಲಿ ಥಾಲಿಸ್ 200 ಮೀಟರ್ ಉದ್ದ. ಮಾದರಿಯಲ್ಲಿ ಅದು ಸುಮಾರು 1.25 ಮೀಟರ್ ಆಗುತ್ತದೆ. 12 ಬೋಗಿ, ಎರಡು ಎಂಜಿನ್ ಇರುವ ಐಸಿಇ 1ಕ್ಕೆ ಸುಮಾರು 2.25 ಮೀಟರ್ ಬೇಕು. ಎಚ್ಒ ಸ್ಕೇಲ್‌ನಲ್ಲಿ (1:87) ಥಾಲಿಸ್ ಒಂದೇ ಸುಮಾರು 2.3 ಮೀಟರ್ ಆಗುತ್ತದೆ. ಮನೆಯ ಮೇಜಿನ ಮೇಲೆ ಪೂರ್ತಿ ರೈಲು ಓಡಬೇಕೆಂದರೆ ಎನ್ ಸ್ಕೇಲೇ ವಾಸಿ. ತಿರುವಿನ ಕನಿಷ್ಠ ತ್ರಿಜ್ಯ ಎಷ್ಟಿರಬೇಕೆಂದು ಡಬ್ಬಿಯಲ್ಲಿರುವ ಕಾಗದದಲ್ಲಿ ನೋಡಿ. 192–195 ಮಿ.ಮೀ.ನ ಅತಿ ಬಿಗಿ ತಿರುವಿನಲ್ಲಿ ಉದ್ದ ಬೋಗಿಗಳು ಹಳಿ ತಪ್ಪಬಹುದು. ತಪ್ಪದಿದ್ದರೂ ನೋಡಲು ಚೆನ್ನಾಗಿರುವುದಿಲ್ಲ. ಜಾಗವಿದ್ದರೆ 315 ಮಿ.ಮೀ. ಅಥವಾ ಹೆಚ್ಚಿನ ತ್ರಿಜ್ಯದ ಹಳಿ ಹಾಕಿ.

ಸರಿಯಾದ ರೈಲನ್ನು ಗುರುತಿಸಿ

ಹೆಚ್ಚು ಗೊಂದಲ ಆಗುವುದು ಥಾಲಿಸ್‌ನಲ್ಲಿ. ಪಿಬಿಎ (ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್) ಮತ್ತು ಪಿಬಿಕೆಎ (ಜೊತೆಗೆ ಕಲೋನ್) ಎರಡಕ್ಕೂ ಒಂದೇ ಕೆಂಪು ಬಣ್ಣವಿದ್ದರೂ ಮೂತಿ ಬೇರೆ. ಪಿಬಿಎಯದು ಟಿಜಿವಿಯ ‘ರೆಸೋ’ ಎಂಬ ಬಗೆಯಂಥ ಚೂಪಾದ ಮೂತಿ. ಪಿಬಿಕೆಎಯದು ಎರಡಂತಸ್ತಿನ ಟಿಜಿವಿಯಾದ ಡ್ಯೂಪ್ಲೆಕ್ಸ್‌ನ ಎಂಜಿನ್‌ನಂತೆ ದುಂಡಗಿನದು, ಚಾಲಕನ ಆಸನ ನಡುಮಧ್ಯದಲ್ಲಿದೆ. ಮಾರುವವರೇ ಎರಡನ್ನೂ ಬೆರೆಸಿ ಬರೆಯುವುದುಂಟು. ಫೋಟೊದಲ್ಲಿ ರೈಲಿನ ಸಂಖ್ಯೆ ಓದಿ: 45ರಿಂದ ಶುರುವಾದರೆ ಪಿಬಿಎ, 43ರಿಂದಾದರೆ ಪಿಬಿಕೆಎ. 2023ರಲ್ಲಿ ಥಾಲಿಸ್ ಹೆಸರನ್ನೇ ಕೈಬಿಟ್ಟು ಯೂರೋಸ್ಟಾರ್ ಎಂದು ಕರೆದ ಮೇಲೆ ಹಳೆಯ ಹೆಸರಿನ ಮಾದರಿ ಹುಡುಕುವವರು ಸುಲಭಕ್ಕೆ ಬಿಡುವುದಿಲ್ಲ.

ಮಾದರಿ ರೈಲು ತಯಾರಿಸುವ ಜಪಾನಿನ ಕಾಟೋ ಕಂಪನಿಯ ಸೆಟ್ ಹುಡುಕುವಾಗ ಎರಡು ಸಂಖ್ಯೆ ಹಾಕಿ ನೋಡಿ. ಜಪಾನಿನ ಕ್ಯಾಟಲಾಗ್‌ನಲ್ಲಿ ‘10-’ ಎಂದು ಶುರುವಾಗುವ ಸಂಖ್ಯೆಯ ಮುಂದೆ ಯುರೋಪಿನ ಅಂಗಡಿಗಳು ‘ಕೆ’ ಸೇರಿಸಿ, ನಡುವಿನ ಗೆರೆ ತೆಗೆದಿರುತ್ತವೆ. ಒಂದರಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗಬಹುದು.

ಪೂರ್ತಿ ರೈಲಿನ ಲೆಕ್ಕ ಹಾಕಿ

ಡಬ್ಬಿಯ ಮೇಲಿನ ಬೆಲೆ ಶುರು ಮಾತ್ರ. ಕಾಟೋದ ಐಸಿಇ 4ರಂಥ ಉದ್ದದ ರೈಲುಗಳು ಮೂಲ ಸೆಟ್, ಹೆಚ್ಚುವರಿ ಸೆಟ್ ಎಂದು ಒಡೆದು ಬರುತ್ತವೆ. ಎರಡನ್ನೂ ಒಂದೇ ಕಂತಿನ ತಯಾರಿಕೆಯಿಂದ, ಒಟ್ಟಿಗೇ ಕೊಳ್ಳಿ. ‘ಉಳಿದ ಬೋಗಿ ಆಮೇಲೆ ತಗೊಂಡರಾಯ್ತು’ ಎಂದುಕೊಂಡವರು ಆಮೇಲೆ ಪರದಾಡುತ್ತಾರೆ. ಹೆಚ್ಚುವರಿ ಸೆಟ್ ಕಡಿಮೆ ಸಂಖ್ಯೆಯಲ್ಲಿ ಬಂದು ಬೇಗ ಖಾಲಿಯಾದರೆ, ಸೆಕೆಂಡ್ ಹ್ಯಾಂಡ್‌ನಲ್ಲಿ ಅದಕ್ಕೆ ಹೇಳಿದ್ದೇ ಬೆಲೆ. ಬೇರೆ ಕಂತಿನ ಬೋಗಿ ಸಿಕ್ಕರೂ ಬಣ್ಣದ ಛಾಯೆ ಹೊಂದದೆ ಇರಬಹುದು.

ಟಿಜಿವಿ ಕುಟುಂಬದಲ್ಲಿ ಪಕ್ಕಪಕ್ಕದ ಎರಡು ಬೋಗಿಗಳು ನಡುವೆ ಒಂದೇ ಗಾಲಿಚೌಕಟ್ಟನ್ನು ಹಂಚಿಕೊಳ್ಳುತ್ತವೆ. ಒಂದು ಬೋಗಿ ಕಳೆದರೆ ಪಕ್ಕದ್ದೂ ನಿಲ್ಲುವುದಿಲ್ಲ, ಬಿಡಿ ಬೋಗಿ ಸಿಗುವುದೂ ಅಪರೂಪ. ಥಾಲಿಸ್‌ನಂಥ ರೈಲಾದರೆ ಎರಡು ಎಂಜಿನ್, ಎಂಟು ಬೋಗಿ, ಒಟ್ಟು ಹತ್ತು ಇವೆಯೇ ಎಂದು ಎಣಿಸಿಯೇ ದುಡ್ಡು ಕೊಡಿ.

ಡಿಜಿಟಲ್ ಕಂಟ್ರೋಲ್ ಬೇಕಿದ್ದರೆ ಮೋಟರ್ ಇರುವ ವಾಹನಕ್ಕೆ ಒಂದು ಡಿಕೋಡರ್ (ಡಿಜಿಟಲ್ ಆದೇಶ ಓದುವ ಪುಟ್ಟ ಚಿಪ್), ಇನ್ನೊಂದು ತುದಿಯ ದೀಪಗಳಿಗೆ ಮತ್ತೊಂದು ಬೇಕಾಗುತ್ತದೆ. ಎರಡನೆಯದನ್ನು ಮರೆತರೆ ಹಿಂದಿನ ಕೆಂಪು ದೀಪ ರೈಲಿನ ದಿಕ್ಕಿಗೆ ತಕ್ಕಂತೆ ಬದಲಾಗುವುದಿಲ್ಲ. ಒಳದೀಪಕ್ಕೆ ಬೋಗಿಗೊಂದರಂತೆ ಲೈಟ್ ಕಿಟ್ ಬೇಕು, ಅಂದರೆ ಎಂಟು.

ತೆರಿಗೆ ಕಳೆಯುವ ರೀತಿ

ಯುರೋಪಿನ ಅಂಗಡಿಗಳು ತೋರಿಸುವ ಬೆಲೆಯಲ್ಲಿ ವ್ಯಾಟ್ ಸೇರಿರುತ್ತದೆ: ಜರ್ಮನಿಯಲ್ಲಿ ಶೇ 19, ಫ್ರಾನ್ಸ್‌ನಲ್ಲಿ ಶೇ 20. ಯುರೋಪಿಯನ್ ಒಕ್ಕೂಟದ ಹೊರಗೆ ಕಳಿಸುವಾಗ ಕೆಲವು ಅಂಗಡಿಗಳು ಅದನ್ನು ಬಿಡುತ್ತವೆ. ಆದರೆ 340 ಯೂರೊ ಸೆಟ್‌ಗೆ ಶೇ 19 ಕಳೆದು 275 ಎಂದು ಲೆಕ್ಕ ಹಾಕಬೇಡಿ. 340ನ್ನು 1.19ರಿಂದ ಭಾಗಿಸಬೇಕು, 285.71 ಯೂರೊ ಆಗುತ್ತದೆ. ಅದರ ಮೇಲೆ ಸಾಗಣೆ, ವಿಮೆ ಸೇರಿಸಿ.

ಬೆಂಗಳೂರಿಗೆ ತರಿಸುವವರು ಈ ಮೊತ್ತದ ಮೇಲೆ ಕಸ್ಟಮ್ಸ್ ಸುಂಕ, ಎರಡೂ ಸೇರಿದ ಮೊತ್ತದ ಮೇಲೆ ಜಿಎಸ್‌ಟಿ ಕಟ್ಟಬೇಕು. ಆಟಿಕೆಗಳ ಮೂಲ ಸುಂಕವನ್ನು 2020ರ ಬಜೆಟ್ ಶೇ 20ರಿಂದ 60ಕ್ಕೆ, 2023ರದ್ದು 70ಕ್ಕೆ ಏರಿಸಿತ್ತು. ಸ್ವಂತ ಬಳಕೆಯ ಪಾರ್ಸೆಲ್‌ಗಳಿಗೆ ಬೇರೆಯೇ ಶೀರ್ಷಿಕೆ, ಬೇರೆ ದರ ಇದೆ. ಯಾವುದರಡಿ ದಾಖಲಿಸುತ್ತಾರೆಂದು ಕೊರಿಯರ್‌ನವರನ್ನು ಆರ್ಡರ್ ಮಾಡುವ ಮೊದಲೇ ಕೇಳಿ, ಆ ದಿನದ ದರ ನೋಡಿಕೊಳ್ಳಿ. ಫ್ರಾಂಕ್‌ಫರ್ಟ್‌ನಲ್ಲೋ ಮ್ಯೂನಿಕ್‌ನಲ್ಲೋ ಇರುವ ಕನ್ನಡಿಗರಿಗೆ ಈ ತಾಪತ್ರಯವಿಲ್ಲ. ಆದರೆ ಜಪಾನಿನಲ್ಲಿ ಅಗ್ಗವೆಂದು ತರಿಸಿದರೆ ಜರ್ಮನಿಯ ವ್ಯಾಟ್ ಜೊತೆಗೆ ಕೊರಿಯರ್‌ನ ನಿರ್ವಹಣಾ ಶುಲ್ಕವೂ ಬೀಳುತ್ತದೆ, ಉಳಿತಾಯ ಅಲ್ಲಿಗೇ ಸರಿಹೋಗುತ್ತದೆ.

ಮುಂಗಡ ಬುಕಿಂಗ್, ಹಳೆಯದು

ಹೊಸ ಮಾದರಿಗಳ ಘೋಷಣೆ ಹೆಚ್ಚಾಗಿ ಜನವರಿ–ಫೆಬ್ರುವರಿಯ ನ್ಯೂರೆಂಬರ್ಗ್ ಆಟಿಕೆ ಮೇಳದ ಆಸುಪಾಸಿನಲ್ಲಿ ಆಗುತ್ತದೆ. ಬೇಕಾದದ್ದು ಪಟ್ಟಿಯಲ್ಲಿ ಕಂಡರೆ ಆಗಲೇ ಬುಕ್ ಮಾಡಿ. ಹೇಳಿದ ತಿಂಗಳಿಗೆ ಬರುತ್ತದೆಂದು ನಂಬಬೇಡಿ, ಪೂರ್ತಿ ಹಣ ಮುಂಗಡ ಕೇಳುವ ಅಂಗಡಿಗಿಂತ ಸರಕು ಬಂದ ಮೇಲೆ ಕೇಳುವ ಅಂಗಡಿಯೇ ಲೇಸು.

ಸೆಕೆಂಡ್ ಹ್ಯಾಂಡ್ ಆದರೆ ರೈಲು ಎರಡೂ ದಿಕ್ಕಿಗೆ ಓಡುವ ವಿಡಿಯೊ ಕೇಳಿ. ದಿಕ್ಕು ಬದಲಾದಾಗ ಬಿಳಿ–ಕೆಂಪು ದೀಪ ಅದಲು ಬದಲಾಗಬೇಕು. ವರ್ಷಗಟ್ಟಲೆ ಡಬ್ಬಿಯಲ್ಲಿದ್ದ ರೈಲಿನಲ್ಲಿ ಮೋಟರ್ ತಿರುಗಿಸುವ ಗಾಲಿಗಳ ರಬ್ಬರ್ ಬಳೆ ಒಣಗಿ ಬಿರುಕು ಬಿಟ್ಟಿರಬಹುದು. ಆಗ ಮೋಟರ್ ಗುಂಯ್‌ಗುಡುತ್ತದೆ, ಗಾಲಿ ಜಾರುತ್ತದೆ, ಹತ್ತು ವಾಹನಗಳ ಭಾರ ಎಳೆಯುವುದಿಲ್ಲ. ಇದು ಅಗ್ಗದ ರಿಪೇರಿ, ಇದನ್ನೇ ತೋರಿಸಿ ಬೆಲೆ ಇಳಿಸಬಹುದು. ಓಡುವಾಗ ಒಂದೇ ಲಯದಲ್ಲಿ ‘ಟಕ್ ಟಕ್’ ಸದ್ದು ಬಂದರೆ ಹಲ್ಲುಗಾಲಿ ಸೀಳಿರುವ ಅನುಮಾನವಿದೆ, ಅಂಥದ್ದನ್ನು ಬಿಡಿ. ಮುರಿದ ಪ್ಯಾಂಟೋಗ್ರಾಫ್ (ಮೇಲಿನ ವಿದ್ಯುತ್ ತಂತಿಗೆ ತಾಗುವ ಚೌಕಟ್ಟು) ಓಟಕ್ಕೆ ಅಡ್ಡಿಯಲ್ಲ. ಒಕ್ಕೂಟದೊಳಗೆ ಆನ್‌ಲೈನ್ ಅಂಗಡಿಯಿಂದ ಕೊಂಡ ಗ್ರಾಹಕರಿಗೆ 14 ದಿನದೊಳಗೆ ಹಿಂದಿರುಗಿಸುವ ಹಕ್ಕಿದೆ. ಖಾಸಗಿ ಮಾರಾಟಗಾರರಿಂದ ಕೊಂಡರೆ ಆ ಹಕ್ಕಿಲ್ಲ. ವಿಡಿಯೊ ಕಳಿಸಲು ಅವರು ಹಿಂಜರಿದರೆ ಹಣ ಕಳಿಸಬೇಡಿ.