ಕಸೂತಿಗೆ ಬಟ್ಟೆ ಕೊಳ್ಳುವ ಮುಂಚೆ ಎಳೆ ಎಣಿಸಿ

ಕಸೂತಿ ಹಾಕಬೇಕು ಅಂತ ಮನಸ್ಸಾದ ಕೂಡಲೇ ನಾವು ಓಡುವುದು ದಾರದ ಅಂಗಡಿಗೆ. ಕೆಂಪು, ಹಳದಿ, ಹಸಿರು ಲಡಿಗಳನ್ನು ತಂದು ಹರವಿಕೊಂಡು, ಆಮೇಲೆ ಯಾವುದೋ ಬಟ್ಟೆ ಹುಡುಕುತ್ತೇವೆ. ನಾನೂ ಹಾಗೇ ಮಾಡಿದ್ದೆ. ಬಾಗಲಕೋಟೆಯಲ್ಲಿ ನುಣುಪಾದ ಕಪ್ಪು ಬಟ್ಟೆ ಕೊಂಡು, ತಂಗಿಯ ಕುಪ್ಪಸದ ಎರಡೂ ತೋಳಿಗೆ ತೇರಿನ ಚಿತ್ತಾರ ಹಾಕಿದೆ. ಬಟ್ಟೆ ಉಳಿಸಲು ಒಂದು ತೋಳನ್ನು ಉದ್ದಕ್ಕೆ, ಇನ್ನೊಂದನ್ನು ಅಡ್ಡಕ್ಕೆ ಕತ್ತರಿಸಿದ್ದೆ. ಇಪ್ಪತ್ತು ದಿನ ಕೂತು ಹೊಲಿದ ಮೇಲೆ ನೋಡಿದರೆ ಒಂದು ತೇರು ಎತ್ತರ, ಸಪೂರ. ಇನ್ನೊಂದು ಕುಳ್ಳು, ಅಗಲ. ಎಣಿಕೆ ಎರಡರಲ್ಲೂ ಒಂದೇ! ಅವ್ವ ತೋಳುಗಳನ್ನು ಪಕ್ಕಪಕ್ಕ ಇಟ್ಟು ನೋಡಿ, "ಮೊದಲ ಎಳಿ ನೋಡಬೇಕವ್ವಾ, ಬಣ್ಣ ಆಮ್ಯಾಲ" ಅಂದಳು.

ಕಸೂತಿಯನ್ನು ಗೆರೆ ಎಳೆದುಕೊಂಡು ಹಾಕುವುದಿಲ್ಲ. ಗವಂತಿ, ಮುರಗಿ, ನೇಗಿ, ಮೆಂತಿ, ಯಾವ ಹೊಲಿಗೆಯಾದರೂ ಬಟ್ಟೆಯ ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಗವಂತಿಯಲ್ಲಂತೂ ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬುತ್ತೇವೆ. ಗಂಟು ಹಾಕುವಂತಿಲ್ಲ, ಹಿಂದೂ ಮುಂದೂ ಒಂದೇ ತರಹ ಕಾಣಬೇಕು. ಬಟ್ಟೆಯೇ ನಮ್ಮ ಚೌಕಳಿ ಹಾಳೆ. ಆ ಚೌಕಳಿಯೇ ಸೊಟ್ಟಗಿದ್ದರೆ ಎಷ್ಟು ನುರಿತ ಕೈಯಾದರೂ ಏನೂ ಮಾಡಲಾಗದು.

ಅಂಗಡಿಯಲ್ಲೇ ಎಣಿಸಿ

ಒಂದು ಹಳೆಯ ಲಗ್ನಪತ್ರಿಕೆಯಲ್ಲಿ ಸರಿಯಾಗಿ 1 ಇಂಚಿನ ಚೌಕ ಕತ್ತರಿಸಿ, ಸೂಜಿಯ ಜೊತೆ ಪರ್ಸಿನಲ್ಲಿ ಇಟ್ಟುಕೊಳ್ಳಿ. ಬಟ್ಟೆಯನ್ನು ಬೆಳಕು ಬೀಳುವ ಕಡೆ ಹಿಡಿದು ಚೌಕವನ್ನು ಮೇಲಿಡಿ. ಸೂಜಿಯ ತುದಿಯಿಂದ ಹಾಸಿನ ಎಳೆ ಎಷ್ಟು, ಹೊಕ್ಕಿನ ಎಳೆ ಎಷ್ಟು ಎಣಿಸಿ. ಬಟ್ಟೆಯ ಅಂಚಿಗೆ ಸಮನಾಗಿ ಉದ್ದಕ್ಕೆ ಓಡುವುದು ಹಾಸು, ಅಡ್ಡಕ್ಕೆ ಬರುವುದು ಹೊಕ್ಕು.

ನನ್ನ ಆ ಕಪ್ಪು ಬಟ್ಟೆಯಲ್ಲಿ ಇಂಚಿಗೆ ಹಾಸು 60, ಹೊಕ್ಕು 40 ಇತ್ತು. ತೇರು ಎತ್ತರಕ್ಕೂ ಅಗಲಕ್ಕೂ 30 ಹೊಲಿಗೆಯದು, ಒಂದು ಹೊಲಿಗೆಗೆ 4 ಎಳೆ. ಅಂದರೆ ಎರಡೂ ಕಡೆ 120 ಎಳೆ. ಹಾಸಿನ ಎಳೆ ಎಣಿಸಿದ ಕಡೆ ಅದು 2 ಇಂಚಿಗೆ ಮುಗಿಯಿತು, ಹೊಕ್ಕಿನ ಎಳೆ ಎಣಿಸಿದ ಕಡೆ 3 ಇಂಚು ಹಿಡಿಯಿತು. ಎರಡು ಎಣಿಕೆಗಳ ನಡುವೆ ಎರಡು ಮೂರು ಎಳೆ ವ್ಯತ್ಯಾಸ ಇದ್ದರೆ ಕಣ್ಣಿಗೆ ಹೊಡೆಯುವುದಿಲ್ಲ. ಅದಕ್ಕಿಂತ ಜಾಸ್ತಿ ಇದ್ದರೆ ಬೇರೆ ಥಾನು (ಬಟ್ಟೆಯ ಸುರುಳಿ) ತೆಗೆಸಿ. ಈಗಷ್ಟೇ ಕಲಿಯುವವರಿಗೆ ಇಂಚಿಗೆ 30ರಿಂದ 40 ಎಳೆಯ ಬಟ್ಟೆ ಸಲೀಸು. ಕಣ್ಣಿಗೂ ಆಯಾಸವಾಗುವುದಿಲ್ಲ.

ಅಂಗಡಿಯವರು ನೂಲಿನ ನಂಬರ್ ಹೇಳಿದರೆ ಗೊಂದಲ ಬೇಡ. ನಂಬರ್ ಹೆಚ್ಚಾದಷ್ಟೂ ನೂಲು ಸಣ್ಣ. 20ರದ್ದು ದಪ್ಪ, 80 ಅಥವಾ 100ರದ್ದು ತೆಳು. ನೂಲು ಸಣ್ಣ ಇದ್ದ ಮಾತ್ರಕ್ಕೆ ಅದು ಕಸೂತಿಗೆ ಒಳ್ಳೆಯದು ಅಂತಲ್ಲ. ಬಟ್ಟೆಯ ಮೇಲಿನ ಕೈಮಗ್ಗದ ಗುರುತೂ ಹಾಗೆಯೇ. 2006ರಿಂದ ಬಂದಿರುವ ಆ ಗುರುತು ಬಟ್ಟೆ ಕೈಮಗ್ಗದ್ದು ಅನ್ನುತ್ತದೆ, ಎಳೆ ಸಮ ಇದೆ ಅನ್ನುವುದಿಲ್ಲ.

ಗಂಜಿಗೆ ಮೋಸ ಹೋಗಬೇಡಿ

ಗಟ್ಟಿ ಗಂಜಿ ಹಾಕಿದ ಬಟ್ಟೆ ಅಂಗಡಿಯಲ್ಲಿ ದಪ್ಪ, ಬಿಗಿ ಅನಿಸುತ್ತದೆ. ಒಗೆದರೆ ಜಾಳು ಜಾಳು. ಒಂದು ಮೂಲೆಯನ್ನು ಎರಡೂ ಹೆಬ್ಬೆರಳ ನಡುವೆ ಜೋರಾಗಿ ಉಜ್ಜಿ. ಬಿಳಿ ಪುಡಿ ಉದುರಿ, ಎಳೆಗಳು ಅತ್ತಿತ್ತ ಸರಿದರೆ ಆ ಬಟ್ಟೆ ಬೇಡ.

ಆಮೇಲೆ ಸೂಜಿಯನ್ನು ಒಮ್ಮೆ ಚುಚ್ಚಿ ತೆಗೆಯಿರಿ, ಅಂಚಿನ ಹತ್ತಿರ ಚುಚ್ಚಿದರೆ ಯಾರೂ ಬೇಡ ಅನ್ನುವುದಿಲ್ಲ. ಸೂಜಿ ಎಳೆಗಳ ಸಂದಿಯಲ್ಲಿ ಸಲೀಸಾಗಿ ಹೋಗಬೇಕು. ಪಾಪ್ಲಿನ್ ಬಿಗಿ, ಅದರಲ್ಲಿ ಸೂಜಿ ಎಳೆಯನ್ನೇ ಸೀಳುತ್ತದೆ. ಮಲ್ಮಲ್ ತೀರಾ ಮೆತ್ತಗೆ, ದಾರ ಎಳೆದ ಕಡೆ ಸುಕ್ಕುಗಟ್ಟುತ್ತದೆ. ಎರಡೆರಡು ಎಳೆ ಜೋಡಿಸಿ ನೇಯ್ದ ದೋಸೂತಿಯಲ್ಲಿ ಎಣಿಸುವುದು ಸುಲಭ, ಆದರೆ ಮೈಮೇಲೆ ಉಡಲು ಭಾರ. ನನ್ನನ್ನು ಕೇಳಿದರೆ ಕುಪ್ಪಸಕ್ಕೂ ಕುರ್ತಾಕ್ಕೂ ಮಧ್ಯಮ ದಪ್ಪದ ಖಾದಿಯೇ ಸರಿ. ರಾಷ್ಟ್ರಧ್ವಜಕ್ಕೆ ಖಾದಿ ನೇಯುವ ತುಳಸಿಗೇರಿ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲೇ ಇದೆ ಅಲ್ವಾ! ಖಾದಿಯಲ್ಲಿ ಅಲ್ಲಲ್ಲಿ ಎಳೆ ದಪ್ಪ ಬರುವುದು ಸಹಜ. ತೇರು, ಆನೆ ಬರುವ ಜಾಗದಲ್ಲಿ ಅಂಥ ಎಳೆ ಇಲ್ಲದಂತೆ ನೋಡಿಕೊಂಡು ಕತ್ತರಿಸಿ.

"ಅಕ್ಕಾರ, ಪ್ಯೂರ್ ಕಾಟನ್ ಐತ್ರಿ" ಅಂದರೂ ಮನೆಗೆ ಬಂದು ನಾಲ್ಕು ಎಳೆ ಕಿತ್ತು, ತಟ್ಟೆಯ ಮೇಲೆ ಹಿಡಿದು ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಬೆರೆತಿದ್ದರೆ ಕರಗಿ ಗಟ್ಟಿ ಗುಂಡಾಗುತ್ತದೆ. ವಿಜಯಪುರದ ಬೇಸಿಗೆಯಲ್ಲಿ ಅಂಥ ಬಟ್ಟೆ ತೊಟ್ಟವರಿಗೇ ಗೊತ್ತು ಅದರ ಕಷ್ಟ.

ಕತ್ತರಿಸುವ ಮುಂಚೆ ನೆನೆಸಿ

10 ಇಂಚಿನ ಚೌಕದ ತುಂಡು ಕತ್ತರಿಸಿ, ರಾತ್ರಿಯಿಡೀ ನೆನೆಸಿ, ಒಗೆದು ಒಣಗಿಸಿ ಅಳೆಯಿರಿ. ಒಂಬತ್ತೂವರೆ ಇಂಚಾದರೆ ನೂರಕ್ಕೆ ಐದು ಕುಗ್ಗಿತು ಅಂತ. ಎರಡೂವರೆ ಮೀಟರಿನಲ್ಲಿ ಹನ್ನೆರಡೂವರೆ ಸೆಂಟಿಮೀಟರ್ ಹೋಯಿತು! ಉದ್ದಕ್ಕೂ ಅಡ್ಡಕ್ಕೂ ಬೇರೆ ಬೇರೆ ಕುಗ್ಗಿದರೆ ಎಳೆಯ ಎಣಿಕೆಯೂ ಬದಲಾಗುತ್ತದೆ. ಹಾಗಾಗಿ ಪೂರ್ತಿ ಬಟ್ಟೆಯನ್ನು ಒಗೆದು, ಇಸ್ತ್ರಿ ಮಾಡಿ, ಮತ್ತೊಮ್ಮೆ ಎಣಿಸಿಯೇ ಕತ್ತರಿ ಹಾಕಿ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ಬಣ್ಣ ಬಿಡುತ್ತದೆಯೇ ಅಂತಲೂ ನೋಡಿ. ಕಪ್ಪು, ಕೆಂಪು, ಕಡುನೀಲಿಗೆ ಇದು ಬೇಕೇ ಬೇಕು. ಲಡಿಯ ದಾರಕ್ಕೂ ಇದೇ ಪರೀಕ್ಷೆ.

ಇಳಕಲ್ ಸೀರೆಗೆ ಹಾಕುವುದಾದರೆ ಒಂದು ಮಾತು. ಒಡಲು ಹತ್ತಿ, ಸೆರಗು ರೇಷ್ಮೆ ಇಲ್ಲವೇ ಆರ್ಟ್ ಸಿಲ್ಕ್. ಮಗ್ಗದ ಮೇಲೇ ಕೊಂಡಿ ಹಾಕಿ ಎರಡನ್ನೂ ಕೂಡಿಸಿರುತ್ತಾರೆ. ಒಡಲಿನ ಎಣಿಕೆಯನ್ನು ಸೆರಗಿಗೆ ಹಾಗೇ ಒಯ್ಯಬೇಡಿ, ಅಲ್ಲಿ ಹೊಸದಾಗಿ ಎಣಿಸಿ. ಎಳೆ ಕಾಣದಷ್ಟು ಸಣ್ಣ ಇದ್ದರೆ ಮೇಲೆ ಜಾಳಿಗೆಯಂಥ ಕ್ಯಾನ್ವಾಸ್ ಬಟ್ಟೆಯನ್ನು ಕಚ್ಚಾ ಹೊಲಿಗೆ ಹಾಕಿ ಕೂರಿಸಿ, ಅದರ ಕಣ್ಣು ಎಣಿಸಿ ಹೊಲಿಯಿರಿ. ಮುಗಿದ ಮೇಲೆ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆದರಾಯಿತು. ಕುಪ್ಪಸಕ್ಕೆಂದೇ ನೇಯುವ ಗುಳೇದಗುಡ್ಡದ ಖಣದಲ್ಲಿ ನೇಯುವಾಗಲೇ ಹೂವು ಮೂಡಿರುತ್ತವೆ. ಅದರ ಮೇಲೆ ಮತ್ತೆ ಕಸೂತಿ ಬೇಡ. ತೋಳಿನ ತುದಿಗೆ ಖಣದ ಪಟ್ಟಿ ಕೊಟ್ಟು, ಪಕ್ಕದ ಖಾದಿಯ ಮೇಲೆ ಕಸೂತಿ ಹಾಕಿ ನೋಡಿ, ಎಷ್ಟು ಚಂದ ಕಾಣುತ್ತದೆ! ಕೂಸಿನ ಕುಂಚಿಗೆಗೆ ಮಾತ್ರ ನಾಲ್ಕಾರು ಸಲ ಒಗೆದು ಮೆತ್ತಗಾದ ಬಟ್ಟೆಯನ್ನೇ ತಗೊಳ್ಳಿ.

ಯಾವುದೇ ಬಟ್ಟೆ ಕೊಂಡರೂ ಅರ್ಧ ಮೀಟರ್ ಜಾಸ್ತಿ ಕೊಳ್ಳಿ. ನೆನೆಸಿ ನೋಡಲು, ಹೊಲಿಗೆ ಹಾಕಿ ನೋಡಲು ಬೇಕಾಗುತ್ತದೆ. ಉಳಿದದ್ದನ್ನು ಎಸೆಯದೆ ತೆಗೆದಿಡಿ. ಮುಂದೆಂದಾದರೂ ಕಂಕುಳ ಹರಿದರೆ ತೇಪೆಗೆ ಅದೇ ಥಾನಿನ ಬಟ್ಟೆ ಸಿಗುತ್ತದೆ.