ಸರ್ವಿಸ್ ಆದ ಕಾರನ್ನು ಮನೆಗೆ ತರುವ ಮುನ್ನ

ಮಳೆಗಾಲದ ಹೊಸ್ತಿಲೆಂದು ತುಳುನಾಡು ಎಣಿಸುವ ದಿನವಾದ ಪತ್ತನಾಜೆ ಹತ್ತಿರವಾಗುತ್ತಿದ್ದಂತೆ ಕಾಸರಗೋಡಿನ ಕಾರುಗಳೆಲ್ಲ ಒಟ್ಟಿಗೆ ಸರ್ವಿಸ್‌ಗೆ ಹೊರಡುತ್ತವೆ. ಮಳೆ ಹಿಡಿಯುವ ಮೊದಲು ಬ್ರೇಕ್, ಟಯರ್, ವೈಪರ್ ಸರಿಮಾಡಿಸಿಕೊಳ್ಳಬೇಕೆಂಬ ಆಲೋಚನೆ ಒಳ್ಳೆಯದೇ. ಆದರೆ ಎಲ್ಲರಿಗೂ ಅದೇ ಹದಿನೈದು ದಿನಗಳಲ್ಲಿ ಬೇಕಾದರೆ ಉಪ್ಪಳ, ಕುಂಬಳೆ, ಬದಿಯಡ್ಕದ ವರ್ಕ್‌ಶಾಪುಗಳ ಅಂಗಳ ತುಂಬುತ್ತದೆ. ಗಡಿ ದಾಟಿ ಮಂಗಳೂರಿಗೆ ಹೋದವರಿಗೂ ಅಲ್ಲಿ ಇದೇ ನೂಕುನುಗ್ಗಲು. ಮೆಕ್ಯಾನಿಕ್ ಒಂದು ಕಾರಿನ ಚಕ್ರ ಕೂರಿಸುತ್ತಿರುವಾಗ ಇನ್ನೊಂದು ಕಾರಿನ ಹತ್ತಿರ ಬಾ ಎಂದು ಕರೆಯುತ್ತಾರೆ. ಅವನು ತಿರುಗಿ ಬರುವಾಗ ನಾಲ್ಕು ನಟ್ಟುಗಳಲ್ಲಿ ಎಷ್ಟನ್ನು ಬಿಗಿ ಮಾಡಿ ಹೋಗಿದ್ದೆ ಎಂಬುದು ಮರೆತಿರುತ್ತದೆ.

ಸರ್ವಿಸ್ ಮಾಡಿಸದಿದ್ದರೆ ಕಾರು ಕೆಡುತ್ತದೆ ಎಂದು ಎಲ್ಲರಿಗೂ ಗೊತ್ತು. ಸರ್ವಿಸ್ ಮಾಡಿಸಿದ್ದರಿಂದಲೇ ಬರುವ ಅಪಾಯದ ಬಗ್ಗೆ ಮಾತು ಕಡಿಮೆ. ಸರ್ವಿಸ್ ಎಂದರೆ ಚೆನ್ನಾಗಿ ಕೂತಿದ್ದ ಭಾಗಗಳನ್ನು ಬಿಚ್ಚಿ ಮತ್ತೆ ಕೂರಿಸುವುದು. ಆಯಿಲ್ ಪ್ಲಗ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಡಬ್ಬಿ, ಚಕ್ರ, ಬ್ರೇಕ್: ಬಹುಪಾಲು ಸರ್ವಿಸ್‌ಗಳಲ್ಲಿ ಬಿಚ್ಚುವುದು ಇಷ್ಟನ್ನೇ. ಕಾರಿನ ಇಂಜಿನಿಯರಿಂಗ್ ತಿಳಿಯದವರೂ ಈ ಐದು ಜಾಗಗಳ ಮೇಲೆ ಕಣ್ಣಿಟ್ಟರೆ ದೊಡ್ಡ ಅನಾಹುತಗಳನ್ನು ತಪ್ಪಿಸಬಹುದು.

ಕೊಡುವ ಮುಂಚಿನ ಸಂಜೆ

ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು ನೋಡಿ. ಒರೆಸಿ, ಮತ್ತೆ ಹಾಕಿ ತೆಗೆದರೆ ಆಯಿಲ್ ಎಲ್ಲಿಯವರೆಗೆ ಇದೆ ಎಂದು ಕಾಣುತ್ತದೆ. ಕೆಳಗಿನ ಮತ್ತು ಮೇಲಿನ ಗುರುತುಗಳ ನಡುವೆ ಇರಬೇಕು. ಮರುದಿನ ಹೋಲಿಸಿ ನೋಡಲು ಇದೊಂದು ಫೋಟೋ ಇರಲಿ. ಓಡಿದ ಕಿಲೋಮೀಟರ್, ಪೆಟ್ರೋಲ್ ಮುಳ್ಳು, ಬ್ಯಾಟರಿಯ ಮೇಲಿನ ನಂಬರ್, ಸ್ಟೆಪ್ನಿ ಸೇರಿ ಐದೂ ಟಯರುಗಳ ಬದಿಯ ನಾಲ್ಕಂಕಿಯ ಸಂಖ್ಯೆ, ಇವುಗಳ ಫೋಟೋವನ್ನೂ ತೆಗೆದಿಡಿ. ಆ ಸಂಖ್ಯೆ ಟಯರಿನ ಹುಟ್ಟಿದ ದಿನ. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಟಯರ್ ಬದಲಾಗಿದೆಯೇ ಎಂದು ತಿಳಿಯಲೂ, ಹಳತಾಗಿದೆಯೇ ಎಂದು ತಿಳಿಯಲೂ ಅದು ಸಾಕು.

ಮ್ಯಾನ್ಯುಯಲ್ ಪುಸ್ತಕದಲ್ಲಿ ಸರ್ವಿಸ್ ಪಟ್ಟಿ ಇರುವ ಪುಟ ತೆರೆದು ಓದಿಕೊಳ್ಳಿ. ಈಗಿನ ಹೆಚ್ಚಿನ ಕಾರುಗಳಿಗೆ ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಆಯಿಲ್ ಬದಲಿಸಬೇಕು. ನಿಮ್ಮ ಇಂಜಿನ್‌ಗೆ ಹೇಳಿದ ಆಯಿಲ್ ಗ್ರೇಡ್ ಕೂಡ ಅಲ್ಲೇ ಇರುತ್ತದೆ. 0ಡಬ್ಲ್ಯೂ-20 ಹೇಳಿರುವ ಇಂಜಿನ್‌ಗೆ ಅಂಗಡಿಯಲ್ಲಿ ಇದ್ದ ಯಾವುದೋ ದಪ್ಪ ಆಯಿಲ್ ತುಂಬಬಾರದು.

ಜಾಬ್ ಕಾರ್ಡ್ ಬರೆಸುವಾಗ

ನಮ್ಮ ಕಡೆಯ ಒಂದು ಕಷ್ಟ ಇಲ್ಲಿದೆ. ಮಾಡಬೇಕಾದ ಕೆಲಸಗಳನ್ನು ಬರೆದುಕೊಳ್ಳುವ ಜಾಬ್ ಕಾರ್ಡ್ ಇಂಗ್ಲಿಷಿನಲ್ಲಿ, ಮಾತು ಮಲಯಾಳದಲ್ಲಿ, ಕಾರಿನ ತೊಂದರೆ ಮಾತ್ರ ನಮ್ಮ ತಲೆಯಲ್ಲಿ ಕನ್ನಡದಲ್ಲೋ ತುಳುವಿನಲ್ಲೋ ಇರುತ್ತದೆ. ಅರ್ಥವಾಗದಿದ್ದರೂ ಹೂಂ ಎಂದು ಸಹಿ ಹಾಕುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ಸಹಿ ಹಾಕಿದ ಕಾಗದದಲ್ಲಿ ಏನಿದೆಯೋ ನಾಳೆ ತಕರಾರು ಬಂದಾಗ ಲೆಕ್ಕಕ್ಕೆ ಬರುವುದು ಅದೇ. ರೋಗದ ಹೆಸರು ನೀವು ಹೇಳಬೇಕಾಗಿಲ್ಲ, ಲಕ್ಷಣ ಹೇಳಿದರೆ ಸಾಕು: ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಎಡಕ್ಕೆ ಎಳೆಯುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕಿರುಗುಟ್ಟುತ್ತದೆ, ಎಂಬತ್ತರ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ. ಇಷ್ಟನ್ನು ಬರೆಸಿ, ಬರೆದದ್ದನ್ನು ಓದಿಸಿ ಕೇಳಿ, ಪ್ರತಿ ಪಡೆದುಕೊಳ್ಳಿ. ಬದಲಿಸಿದ ಹಳೆಯ ಭಾಗಗಳನ್ನು ಹಿಂತಿರುಗಿಸಬೇಕು ಎಂಬ ಸಾಲೂ ಅದರಲ್ಲಿರಲಿ.

ಇದೇ ಹೊತ್ತಿಗೆ ಕೆಲವು ಹೆಚ್ಚುವರಿ ಕೆಲಸಗಳನ್ನು ಮುಂದಿಡುತ್ತಾರೆ. ಮ್ಯಾನ್ಯುಯಲ್ ಪಟ್ಟಿಯಲ್ಲಿ ಇಲ್ಲದ್ದಕ್ಕೆ ಕಾರಣ ಕೇಳಿ. ಇಂಜಿನ್ ಭಾಗಕ್ಕೆ ಜೋರು ನೀರು ಹೊಡೆಸುವುದನ್ನು ಬೇಡ ಎಂದೇ ಹೇಳುವುದು ಒಳ್ಳೆಯದು. ವಯರುಗಳ ಕೂಡುಜಾಗಕ್ಕೆ, ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್‌ಗೆ ನೀರು ಹೊಕ್ಕರೆ ಮಳೆಗಾಲವಿಡೀ ಕಾಡುತ್ತದೆ. ಅಡಿಭಾಗದ ಕೋಟಿಂಗ್ ವಿಚಾರ ಬೇರೆ. ಮಂಜೇಶ್ವರದಿಂದ ಬೇಕಲದವರೆಗೆ ಕಡಲಿನ ಉಪ್ಪುಗಾಳಿಯಲ್ಲಿ ನಿಲ್ಲುವ ಕಾರುಗಳಿಗೆ ಅದರಿಂದ ಉಪಯೋಗವಿದೆ. ಆದರೆ ಅಡಿಯನ್ನು ತೊಳೆದು, ಪೂರ್ತಿ ಒಣಗಿಸಿ, ತುಕ್ಕು ತೆಗೆದ ಮೇಲೆ ಬಳಿದರೆ ಮಾತ್ರ. ಒದ್ದೆ ಮಣ್ಣಿನ ಮೇಲೆಯೇ ಬಳಿದರೆ ತೇವ ಒಳಗೆ ಸಿಕ್ಕಿಬಿದ್ದು ಕಬ್ಬಿಣ ಇನ್ನೂ ಬೇಗ ಕೊರೆಯುತ್ತದೆ. ಬಾಗಿಲುಗಳ ಕೆಳಗೆ ನೀರು ಇಳಿದುಹೋಗುವ ಸಣ್ಣ ತೂತುಗಳಿರುತ್ತವೆ. ಕೋಟಿಂಗ್ ಅವನ್ನು ಮುಚ್ಚಿರಬಾರದು.

ಗೇಟು ದಾಟುವ ಮೊದಲು

ಬಿಲ್ಲು ಕಟ್ಟುವ ಮುಂಚೆ ಬಾನೆಟ್ ತೆರೆಸಿ. ತೊಳೆದು ಹೊಳೆಯುವ ಕಾರು ನೋಡಿ ಸಮಾಧಾನಪಟ್ಟುಕೊಳ್ಳಬೇಡಿ, ತೊಳೆದದ್ದು ಹೊರಮೈ.

ಮೊದಲು ಡಿಪ್‌ಸ್ಟಿಕ್. ಮೇಲಿನ ಗುರುತಿನ ಹತ್ತಿರ ಇರಬೇಕು, ಅದನ್ನು ಮೀರಿರಬಾರದು. ಹೆಚ್ಚಾದರೆ ಒಳ್ಳೆಯದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಆಯಿಲ್ ತೀರಾ ಹೆಚ್ಚಾದಾಗ ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆಯೆದ್ದ ಆಯಿಲ್ ಬೇರಿಂಗುಗಳನ್ನು ಕಾಪಾಡುವುದಿಲ್ಲ. ಪೆಟ್ರೋಲ್ ಕಾರಿನಲ್ಲಿ ಹೊಸ ಆಯಿಲ್ ಜೇನಿನ ಬಣ್ಣಕ್ಕಿರುತ್ತದೆ, ಕಪ್ಪಾಗಿದ್ದರೆ ಪ್ರಶ್ನಿಸಿ. ಡೀಸೆಲ್ ಕಾರಿನಲ್ಲಿ ಮಾತ್ರ ಹೊಸ ಆಯಿಲ್ ಕೂಡ ಸ್ವಲ್ಪ ಓಡಿದ ಕೂಡಲೇ ಕಪ್ಪಾಗುತ್ತದೆ. ಅದನ್ನೇ ಹಿಡಿದು ಮೆಕ್ಯಾನಿಕ್ ಮೇಲೆ ಅನುಮಾನ ಪಡುವುದು ನ್ಯಾಯವಲ್ಲ. ಆಯಿಲ್ ತುಂಬುವ ಮುಚ್ಚಳ ಕೂತಿದೆಯೇ ನೋಡಿ. ಆಯಿಲ್ ಫಿಲ್ಟರ್ ಬಿಚ್ಚುವಾಗ ಹಳೆಯ ರಬ್ಬರ್ ರಿಂಗ್ ಇಂಜಿನ್‌ಗೇ ಅಂಟಿಕೊಂಡು ಉಳಿಯುವುದುಂಟು. ಗಮನಿಸದೆ ಅದರ ಮೇಲೆಯೇ ಹೊಸ ಫಿಲ್ಟರ್ ಬಿಗಿದರೆ ಎರಡು ರಿಂಗುಗಳ ನಡುವಿನಿಂದ ಆಯಿಲ್ ರಭಸದಿಂದ ಹೊರಬರುತ್ತದೆ. ಇಂಜಿನ್ ಚಾಲೂ ಇಟ್ಟು ಎರಡು ನಿಮಿಷ ಕಾದು ಕಾರಿನಡಿ ಬಗ್ಗಿ ನೋಡಿದರೆ ಇದು ಅಲ್ಲೇ ಗೊತ್ತಾಗುತ್ತದೆ.

ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ಪುಗಳನ್ನು ಕೈಯಿಂದ ಮುಟ್ಟಿ ನೋಡಿ. ಒಂದು ಕ್ಲಿಪ್ ಬಿಟ್ಟಿದ್ದರೂ ಫಿಲ್ಟರ್ ದಾಟದ ಗಾಳಿ ಇಂಜಿನ್ ಒಳಗೆ ಹೋಗುತ್ತದೆ. ಮುರಕಲ್ಲಿನ ಕೆಂಪು ಧೂಳು, ಜತೆಗೆ ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣದ ಧೂಳು ತಿಂದ ನಮ್ಮ ಊರುಗಳಲ್ಲಿ ಇದನ್ನು ಸಣ್ಣ ವಿಷಯ ಎನ್ನಲಾಗದು.

ಇನ್ನು ಬ್ರೇಕ್. ಜೀವದ ಪ್ರಶ್ನೆಯಾದ್ದರಿಂದ ಇಲ್ಲಿ ಅವಸರ ಬೇಡವೇ ಬೇಡ. ಹೊಸ ಪ್ಯಾಡ್ ಹಾಕುವಾಗ ಪ್ಯಾಡನ್ನು ಒತ್ತಿ ಹಿಡಿಯುವ ಕ್ಯಾಲಿಪರಿನ ಪಿಸ್ಟನ್ ಅನ್ನು ಹಿಂದಕ್ಕೆ ತಳ್ಳಿರುತ್ತಾರೆ. ಆಮೇಲೆ ಪೆಡಲ್ ಪಂಪ್ ಮಾಡದೆ ಬಿಟ್ಟಿದ್ದರೆ ನೀವು ಮೊದಲ ಸಲ ಒತ್ತಿದಾಗ ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಆದ್ದರಿಂದ ಸೀಟಿನಲ್ಲಿ ಕೂತ ಮೇಲೆ, ಗೇರ್ ಹಾಕುವ ಮೊದಲೇ, ಪೆಡಲನ್ನು ನಾಲ್ಕೈದು ಸಲ ಒತ್ತಿ. ಗಟ್ಟಿಯಾಗಿ ನಿಂತರೆ ಸರಿ. ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗಿಳಿಯುತ್ತ ಹೋದರೆ ಅಥವಾ ಸ್ಪಂಜಿನಂತೆ ಮೆತ್ತಗಿದ್ದರೆ ಕಾರನ್ನು ಅಲ್ಲಿಂದ ತೆಗೆಯಬೇಡಿ.

ಪೆಡಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವ ಬ್ರೇಕ್ ಫ್ಲೂಯಿಡ್ ಎರಡು ವರ್ಷಕ್ಕೊಮ್ಮೆ ಬದಲಾಗಿದೆಯೇ ಎಂದೂ ಕೇಳಿ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಎಂಬ ದರ್ಜೆಯ ಫ್ಲೂಯಿಡ್ ಹೊಸದಿದ್ದಾಗ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆ ನಮ್ಮದು, ತೇವಕ್ಕೆ ಕೊರತೆಯಿಲ್ಲ. ನಂದಾರಪದವಿನಿಂದ ಹೊರಡುವ ಮಲೆನಾಡು ಹೆದ್ದಾರಿಯಂಥ ಏರಿಳಿತದ ದಾರಿಯಲ್ಲಿ ಬ್ರೇಕ್ ಮೇಲೆಯೇ ಕಾಲಿಟ್ಟು ಇಳಿದರೆ ಆ ಫ್ಲೂಯಿಡ್ ಕುದಿದು ಗುಳ್ಳೆಯೇಳಬಹುದು, ಆಗ ಪೆಡಲ್ ಇದ್ದೂ ಇಲ್ಲದಂತೆ.

ಕೊನೆಗೆ ಚಕ್ರ. ನಟ್ಟುಗಳನ್ನು ಗಾಳಿಯ ಗನ್ನಿನಿಂದ ಬಿಗಿದು ಬಿಟ್ಟರೆ ಸಾಲದು, ಬಿಗಿತವನ್ನು ಅಳೆಯುವ ಟಾರ್ಕ್ ವ್ರೆಂಚ್‌ನಿಂದ ಒಂದೊಂದನ್ನೂ ಪರೀಕ್ಷಿಸಬೇಕು. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 100 ನ್ಯೂಟನ್ ಮೀಟರಿನ ಆಸುಪಾಸು, ಸರಿಯಾದ ಅಂಕಿ ಮ್ಯಾನ್ಯುಯಲಿನಲ್ಲಿ ಇರುತ್ತದೆ. ನಿಮ್ಮ ಎದುರಿಗೇ ಮಾಡಿಸಿ ಎಂದು ಕೇಳಲು ಸಂಕೋಚಪಡಬೇಡಿ, ಐದು ನಿಮಿಷದ ಕೆಲಸ. ಸಡಿಲವಾದರೆ ಚಕ್ರ ಕಳಚುತ್ತದೆ. ಅತಿಯಾಗಿ ಬಿಗಿದರೂ ತೊಂದರೆ: ಬೋಲ್ಟ್ ಸೆಳೆದು ದುರ್ಬಲವಾಗುತ್ತದೆ, ಮತ್ತೆ ರಾತ್ರಿ ಮುಳ್ಳೇರಿಯದ ಕಾಡುದಾರಿಯಲ್ಲಿ ಪಂಕ್ಚರ್ ಆದರೆ ಕಾರಿನಲ್ಲಿರುವ ಸ್ಪ್ಯಾನರಿಗೆ ಆ ನಟ್ಟು ಜಪ್ಪಯ್ಯ ಎಂದರೂ ಬಗ್ಗುವುದಿಲ್ಲ.

ಮನೆಗೆ ಬರುವ ದಾರಿ

ಮಂಗಳೂರಿನಲ್ಲಿ ಸರ್ವಿಸ್ ಮಾಡಿಸಿದವರು ನೇತ್ರಾವತಿ ಸೇತುವೆ ದಾಟಿದ ಕೂಡಲೇ ಹೆದ್ದಾರಿಯ ವೇಗಕ್ಕೆ ಏರುತ್ತಾರೆ. ಅದಕ್ಕೂ ಮೊದಲು ಊರೊಳಗಿನ ರಸ್ತೆಯಲ್ಲಿ ನಿಧಾನವಾಗಿ ಎರಡು ಮೂರು ಕಿಲೋಮೀಟರ್ ಓಡಿಸಿ, ಕಿಟಕಿ ಇಳಿಸಿ, ಹಾಡು ನಿಲ್ಲಿಸಿ ಕಿವಿಗೊಡಿ. ಚಕ್ರದ ಕಡೆಯಿಂದ ಟಕ್ ಟಕ್ ಸದ್ದು, ಸ್ಟಿಯರಿಂಗಿನಲ್ಲಿ ಹೊಸ ನಡುಕ, ರಬ್ಬರ್ ಸುಟ್ಟ ವಾಸನೆ ಬಂದರೆ ಬದಿಗೆ ನಿಲ್ಲಿಸಿ ಅವರಿಗೇ ಫೋನ್ ಮಾಡಿ. ತಲಪಾಡಿಯಲ್ಲಿ ಒಮ್ಮೆ ಇಳಿದು ಚಕ್ರಗಳ ಹತ್ತಿರ ಅಂಗೈ ಚಾಚಿ ನೋಡಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಬಹಳ ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ ಎಂದರ್ಥ.

ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆಗಿಂಡಿಯ ಆಕಾರದ ಕೆಂಪು ದೀಪ ಹತ್ತಿಕೊಂಡರೆ ಮುಂದಿನ ಪೇಟೆಯವರೆಗೆ ಹೋಗೋಣ ಎಂಬ ಯೋಚನೆ ಬೇಡ. ಇಂಜಿನ್ ಅಲ್ಲೇ ಆರಿಸಿ. ಆಯಿಲಿನ ಒತ್ತಡ ಬಿದ್ದ ಇಂಜಿನ್ ಕೆಲವೇ ನಿಮಿಷಗಳಲ್ಲಿ ಹಾಳಾಗಬಲ್ಲದು. ಎಳೆದು ತರುವ ಗಾಡಿಗೆ ಕೊಡುವ ಹಣ ಹೊಸ ಇಂಜಿನ್‌ನ ಮುಂದೆ ಏನೂ ಅಲ್ಲ.

ಮಂಗಳೂರಿನಿಂದ ಕಾಸರಗೋಡು ಸುಮಾರು 50 ಕಿಲೋಮೀಟರ್. ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿದಾಗ ನಟ್ಟುಗಳನ್ನು ಇನ್ನೊಮ್ಮೆ ಪರೀಕ್ಷಿಸಬೇಕು. ಮನೆ ಸೇರಿದ ಮೇಲೆ, ಚಕ್ರ ತಣಿದಾಗ, ಅದನ್ನು ಮಾಡಿಬಿಡಿ. ಪ್ಯಾಡ್ ಹೊಸದಾಗಿದ್ದರೆ ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಅನಿವಾರ್ಯವಲ್ಲದೆ ಜೋರಾಗಿ ಬ್ರೇಕ್ ಒತ್ತಬೇಡಿ.

ಮರುದಿನ ಬೆಳಿಗ್ಗೆ

ರಾತ್ರಿ ಕಾರಿನಡಿ ಒಂದು ದೊಡ್ಡ ರಟ್ಟು ಹಾಸಿಡಿ. ಬೆಳಿಗ್ಗೆ ಅದರ ಮೇಲಿನ ಕಲೆ ನೋಡಿ. ಬಣ್ಣವಿಲ್ಲದ ನೀರು ಎಸಿಯದ್ದು, ಚಿಂತೆಯಿಲ್ಲ. ಮುಂಭಾಗದಲ್ಲಿ ಕಂದು ಅಥವಾ ಕಪ್ಪು ಜಿಡ್ಡಿದ್ದರೆ ಇಂಜಿನ್ ಆಯಿಲ್. ಹಸಿರೋ ಕೆಂಪೋ ಬಣ್ಣದ, ಸಿಹಿವಾಸನೆಯ ದ್ರವ ಇಂಜಿನ್ ತಣಿಸುವ ಕೂಲಂಟ್. ಅದು ವಿಷ, ನಾಯಿ ಬೆಕ್ಕುಗಳು ನೆಕ್ಕದಂತೆ ತೊಳೆದುಬಿಡಿ. ಚಕ್ರದ ಒಳಬದಿಯಲ್ಲಿ ತಿಳಿಹಳದಿಯ ಜಾರು ದ್ರವ ಕಂಡರೆ ಅದು ಬ್ರೇಕ್ ಫ್ಲೂಯಿಡ್ ಆಗಿರಬಹುದು, ಕಾರನ್ನು ಓಡಿಸಲೇಬಾರದು.

ಕೂಲಂಟ್ ಕಡಿಮೆಯಾಗಿದೆಯೆಂದು ಬಾವಿನೀರು ಸುರಿಯುವ ಅಭ್ಯಾಸವನ್ನು ಬಿಡಬೇಕು. ತುಕ್ಕು ಹಿಡಿಯುವುದು, ಒಳಗೆ ಗಸಿ ಕಟ್ಟುವುದು ಅದರಿಂದಲೇ. ಬಿಸಿಯಿರುವಾಗ ಮುಚ್ಚಳ ತೆರೆದರೆ ಕೈಮುಖ ಸುಟ್ಟುಹೋಗುತ್ತದೆ.

ಶೆಡ್ಡಿನಲ್ಲೇ ನಿಂತ ಕಾರು

ಗಲ್ಫಿನಲ್ಲಿ ದುಡಿಯುವವರ ಕಾರುಗಳು ತಿಂಗಳುಗಟ್ಟಲೆ ಮನೆಯ ಶೆಡ್ಡಿನಲ್ಲಿರುತ್ತವೆ. ಓಡಿಯೇ ಇಲ್ಲ, ಸರ್ವಿಸ್ ಯಾಕೆ ಎಂಬ ಲೆಕ್ಕ ತಪ್ಪು. ಆಯಿಲ್ ಮತ್ತು ಬ್ರೇಕ್ ಫ್ಲೂಯಿಡ್ ಕಾಲದಿಂದಲೂ ಹಳತಾಗುತ್ತವೆ. ಮಳೆಗಾಲದ ತೇವಕ್ಕೆ ಬ್ರೇಕ್ ಡಿಸ್ಕ್ ತುಕ್ಕು ಹಿಡಿಯುತ್ತದೆ, ಟಯರ್ ಒಂದೇ ಭಂಗಿಯಲ್ಲಿ ಕೂತು ಚಪ್ಪಟೆಯಾಗುತ್ತದೆ, ಅಡಿಕೆ ತೋಟದ ಪಕ್ಕದ ಶೆಡ್ಡಾದರೆ ಇಲಿಗಳು ವಯರು ಕಡಿದಿರುತ್ತವೆ. ರಜೆಗೆ ಬಂದವರು ಇಳಿದ ದಿನವೇ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಮದುವೆಗೆ ಹೊರಡುವ ಬದಲು, ಬ್ಯಾಟರಿ, ಟಯರ್ ಗಾಳಿ, ವಯರು, ಬ್ರೇಕ್ ಇಷ್ಟನ್ನಾದರೂ ಪರಿಚಯದ ಮೆಕ್ಯಾನಿಕ್‌ನಿಂದ ನೋಡಿಸಿಕೊಳ್ಳಲಿ. ವಾರಂಟಿ ಮುಗಿದ ಕಾರಿಗೆ, ಜಾಕಿ ಏರಿಸಿ ಅಡಿಭಾಗ ತೋರಿಸಿ ವಿವರಿಸುವ ಊರಿನ ಮೆಕ್ಯಾನಿಕ್ ದೊಡ್ಡ ಶೋರೂಮಿಗಿಂತ ಮೇಲು ಎಂಬುದು ನನ್ನ ಅಭಿಪ್ರಾಯ. ಆಯಿಲ್ ಡಬ್ಬಿಯನ್ನು ನಿಮ್ಮೆದುರೇ ಒಡೆದು ಸುರಿಯಲಿ.

ತಪ್ಪು ಆಗಿಯೇ ಬಿಟ್ಟರೆ

ಬೇರೆ ಕಡೆ ರಿಪೇರಿ ಮಾಡಿಸುವ ಮೊದಲು ಹಾಳಾದ ಜಾಗದ ಫೋಟೋ, ವಿಡಿಯೋ ತೆಗೆಯಿರಿ. ಸರ್ವಿಸ್ ಮಾಡಿದವರಿಗೆ ಬರಹದಲ್ಲೇ ದೂರು ಕೊಡಿ, ಫೋನಿನ ಮಾತಿಗೆ ಸಾಕ್ಷಿಯಿಲ್ಲ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗಡಿನಾಡಿನವರಿಗೆ ಬಹಳ ಉಪಕಾರದ ಒಂದು ಅಂಶವಿದೆ. ದೂರುದಾರ ತಾನು ವಾಸವಿರುವ ಊರಿನ ಆಯೋಗದಲ್ಲೇ ಪ್ರಕರಣ ಹೂಡಬಹುದು. ಸರ್ವಿಸ್ ಮಂಗಳೂರಿನಲ್ಲಿ ಆಗಿದ್ದರೂ ಕಾಸರಗೋಡಿನಲ್ಲೇ ದೂರು ಸಲ್ಲಿಸಲು ಅಡ್ಡಿಯಿಲ್ಲ. ಘಟನೆಯಾದ ಎರಡು ವರ್ಷದೊಳಗೆ ಸಲ್ಲಿಸಬೇಕು. ಸೇವೆಗೆ ಕೊಟ್ಟ ಹಣ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದೂ ಇಲ್ಲ. ಜಾಬ್ ಕಾರ್ಡ್, ಬಿಲ್ಲು ಎರಡೂ ಕೈಯಲ್ಲಿರಬೇಕು. ಕೆಲವು ಬಿಲ್ಲುಗಳು ಥರ್ಮಲ್ ಕಾಗದದಲ್ಲಿ ಅಚ್ಚಾಗಿರುತ್ತವೆ, ಕಾರಿನೊಳಗಿನ ಬಿಸಿಗೆ ಅಕ್ಷರಗಳು ಮಾಸಿಹೋಗುತ್ತವೆ. ಕೈಗೆ ಬಂದ ದಿನವೇ ಫೋಟೋ ತೆಗೆದು, ಜೆರಾಕ್ಸ್ ಮಾಡಿಸಿ ಮನೆಯಲ್ಲಿಡಿ.