ಬ್ರಹ್ಮಕಲಶ ಮುಗಿಯುವವರೆಗೂ ಲಾಕ್ ಆಗದ ಲ್ಯಾಪ್‌ಟಾಪ್: ನನ್ನ ಅನುಭವ

ಮುಟ್ಟದೆ ಬಿಟ್ಟರೆ ತಾನಾಗಿ ಲಾಕ್ ಆಗುವ ನನ್ನ ಲ್ಯಾಪ್‌ಟಾಪಿಗೆ ವಿಂಡೋಸ್ ಹೊಸದಾಗಿ ಹಾಕುವುದೊಂದೇ ದಾರಿ ಎಂದು ಕಾಸರಗೋಡು ಪೇಟೆಯಲ್ಲಿ ಹೇಳಿದವರು ಒಬ್ಬಿಬ್ಬರಲ್ಲ. ಅದೇ ಲ್ಯಾಪ್‌ಟಾಪ್ ಈ ಸಲದ ಬ್ರಹ್ಮಕಲಶದಲ್ಲಿ ಬೆಳಗಿನ ಗಣಹೋಮದಿಂದ ರಾತ್ರಿ ಯಕ್ಷಗಾನದ ಮಂಗಳದವರೆಗೆ ಒಮ್ಮೆಯೂ ಪಾಸ್‌ವರ್ಡ್ ಕೇಳಲಿಲ್ಲ.

ಬದಿಯಡ್ಕ, ಪೆರ್ಲ, ಕುಂಬಳೆ ಸುತ್ತಮುತ್ತ ಜಾತ್ರೆ, ಮದುವೆಗಳಿಗೆ ಎಲ್‌ಇಡಿ ಪರದೆ ಹಾಕುವುದು ನನ್ನ ಕೆಲಸ. ಲ್ಯಾಪ್‌ಟಾಪ್ ಯಾವುದೋ ಕಂಪನಿಯಲ್ಲಿ ದುಡಿದು ಸೆಕೆಂಡ್ ಹ್ಯಾಂಡಿಗೆ ಬಂದದ್ದು, ಹದಿನೆಂಟು ಸಾವಿರದ ಆಸುಪಾಸು ಕೊಟ್ಟಿದ್ದೆ. ದಾನಿಗಳ ಹೆಸರಿನ ಸ್ಲೈಡ್ ಓಡಲು ಬಿಟ್ಟು ಆಚೆ ಹೋದರೆ ಕಾಲು ಗಂಟೆಗೆ ಲಾಕ್. ಒಂದು ಕಡೆ ಸಮಿತಿಯವರು ನೇರ ಬಂದು, "ದುಡ್ಡು ಕೊಟ್ಟವರ ಹೆಸರು ಬರುವಾಗಲೇ ಪರದೆ ಹೋಗುದೆಂತ ಮಾರಾಯ?" ಎಂದು ಕೇಳಿದರು. ಬಿಲ್ಲಿನಲ್ಲಿ ಎರಡು ಸಾವಿರ ಮುರಿದೂ ಕೊಟ್ಟರು.

ಸ್ಲೀಪ್ ನೆವರ್, ಸ್ಕ್ರೀನ್ ಸೇವರಿನ ಟಿಕ್ ತೆಗೆಯುವುದು, ಫೋನ್ ದೂರ ಹೋದರೆ ಲಾಕ್ ಹಾಕುವ ಡೈನಾಮಿಕ್ ಲಾಕ್ ಆಫ್, ಇವೆಲ್ಲ ನಿಮಗೂ ಗೊತ್ತು, ಎಲ್ಲ ಆಯಿತು. ಪರದೆ ಆರದಂತೆ ತಡೆಯುವ ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್‌ನ ಅವೇಕ್ ಹಾಕಿದೆ. ಪರದೆ ಆರಲಿಲ್ಲ, ಲಾಕ್ ಮಾತ್ರ ಬಿದ್ದೇ ಬಿತ್ತು. ಏಳೆಂಟು ನೂರು ಕೊಟ್ಟು ಮೌಸನ್ನು ತಾನೇ ಅಲ್ಲಾಡಿಸಿದಂತೆ ಮಾಡುವ ಯುಎಸ್‌ಬಿ ಜಿಗ್ಲರ್ ತರಿಸಿದೆ. ಲಾಕ್ ನಿಂತಿತು, ಆದರೆ ಮೌಸಿನ ಬಾಣ ಅಲ್ಲಾಡುತ್ತಲೇ ಇರುತ್ತದೆ. ಹತ್ತಡಿ ಪರದೆಯಲ್ಲಿ ಬಾಣವೆಂದರೆ ಅಂಗೈಯಷ್ಟು ದೊಡ್ಡದು, ಅದು ದಾನಿಯ ಹೆಸರಿನ ಮೇಲೆ ನಡುಗುತ್ತಾ ನಿಂತರೆ ನೋಡಲಾಗದು. ಮುಳ್ಳಿನ ಕೈಗಡಿಯಾರದ ಮೇಲೆ ಆಪ್ಟಿಕಲ್ ಮೌಸ್ ಇಟ್ಟೂ ನೋಡಿದ್ದೇನೆ. ಸೆಕೆಂಡ್ ಮುಳ್ಳು ಕೆಳಗೆ ಹಾದಾಗ ಬಾಣ ಚೂರು ಸರಿಯುತ್ತದೆ, ಖರ್ಚಿಲ್ಲ. ಮನೆಯಲ್ಲಿ ಚೆನ್ನಾಗಿ ನಡೆಯಿತು. ಚಪ್ಪರದಲ್ಲಿ ಯಾರದೋ ಕೈ ತಾಗಿ ಮೌಸ್ ಕೆಳಗೆ ಬಿದ್ದರೆ ಮುಗಿಯಿತು.

ಆಗ ಒಂದು ಯೋಚನೆ ಬಂತು. ಕಾಲು ಗಂಟೆ ಎಂದರೆ 900 ಸೆಕೆಂಡ್. ಇಷ್ಟು ಕರಾರುವಾಕ್ಕಾಗಿ ಬೀಳುವ ಲಾಕ್ ಹಳೆಯ ಕಂಪನಿಯವರು ಹಾಕಿಟ್ಟದ್ದೇ ಇರಬೇಕು. ವಿಂಡೋಸಿನ ಭದ್ರತಾ ನಿಯಮಗಳಿರುವ ಸೆಕ್‌ಪಾಲ್ (secpol.msc) ತೆರೆದು ಲೋಕಲ್ ಪಾಲಿಸೀಸ್, ಸೆಕ್ಯುರಿಟಿ ಆಪ್ಷನ್ಸ್, ಅದರೊಳಗೆ ಇಂಟರಾಕ್ಟಿವ್ ಲಾಗಾನ್: ಮೆಷಿನ್ ಇನಾಕ್ಟಿವಿಟಿ ಲಿಮಿಟ್, ಅಂದರೆ ಮುಟ್ಟದೆ ಬಿಟ್ಟರೆ ಎಷ್ಟು ಸೆಕೆಂಡಿಗೆ ಲಾಕ್ ಎಂಬ ಲೆಕ್ಕ. ಅಲ್ಲಿ ಕೂತಿತ್ತು 900! ಸೊನ್ನೆ ಮಾಡಿದೆ. ಮತ್ತೂ ಲಾಕ್ ಆಯಿತು. ಇಲ್ಲೇ ಹಲವರು ಕೈಬಿಡುವುದು. ರೀಸ್ಟಾರ್ಟ್ ಆಗದೆ ಆ ಬದಲಾವಣೆ ಜಾರಿಗೆ ಬರುವುದಿಲ್ಲ. ಹೋಮ್ ಎಡಿಷನ್‌ನಲ್ಲಿ ಸೆಕ್‌ಪಾಲ್ ಇಲ್ಲ. ಅದರಲ್ಲಿ ವಿಂಡೋಸಿನ ಸೆಟ್ಟಿಂಗ್‌ಗಳು ಕೂತಿರುವ ರಿಜಿಸ್ಟ್ರಿಯ ಪಾಲಿಸೀಸ್ ಸಿಸ್ಟಮ್‌ನಲ್ಲಿ InactivityTimeoutSecs ಹುಡುಕಿ. ಕಂಪನಿಯ ಡೊಮೈನಿಗೆ, ಅಂದರೆ ಅವರ ಸರ್ವರ್ ನಿಯಂತ್ರಿಸುವ ಜಾಲಕ್ಕೆ, ಸೇರಿದ ಮಷಿನಾದರೆ ಸೊನ್ನೆ ಉಳಿಯುವುದಿಲ್ಲ, ಸರ್ವರಿನಿಂದ ಹಳೆಯ ಲೆಕ್ಕ ತಿರುಗಿ ಬರುತ್ತದೆ.

ಇನ್ನೊಂದು ಪೀಡೆ ಕರೆಂಟಿನದ್ದು. ಕರೆಂಟ್ ಹೋಗಿ ಜನರೇಟರ್ ಎಳೆಯುವವರೆಗೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿರುತ್ತದೆ, ಬ್ಯಾಟರಿಯ ಟೈಮರ್‌ಗಳೇ ಬೇರೆ. ಪ್ಲಗ್ಗಿನ ಕಡೆ ಮಾತ್ರ ನೆವರ್ ಹಾಕಿ ಬಂದವರ ಪರದೆ ಆ ಗಳಿಗೆಯಲ್ಲಿ ಆರುವುದನ್ನು ನೋಡಿದ್ದೇನೆ. ಎರಡೂ ಕಡೆ ಹಾಕಿ, ಮುಚ್ಚಳದ್ದೂ ಡು ನಥಿಂಗ್ ಮಾಡಿ.

ಕಾರ್ಯಕ್ರಮಕ್ಕೆ ಮೊದಲು ಇವನ್ನೆಲ್ಲ ಒಂದೇ ಕ್ಲಿಕ್ಕಿಗೆ ತಿರುಗಿಸಿ, ಮುಗಿದ ಮೇಲೆ ಹಿಂದಿನಂತೆ ಮಾಡುವ ಬ್ಯಾಚ್ ಫೈಲ್ (ಕಮಾಂಡ್‌ಗಳನ್ನು ಸಾಲಾಗಿ ನಡೆಸುವ ಫೈಲ್) ನನ್ನಲ್ಲಿ ಉಂಟು. ಅದು ನನ್ನ ಹೊಟ್ಟೆಪಾಡು, ಇಲ್ಲಿ ಹಾಕುವುದಿಲ್ಲ. ನಲವತ್ತು ಸಾವಿರದ ಹೊಸ ಲ್ಯಾಪ್‌ಟಾಪ್ ತೆಗೆದುಕೋ ಎಂದವರೇ ಈಗ ತಮ್ಮದನ್ನು ತಂದಿಟ್ಟು ಹೋಗುತ್ತಾರೆ, ಒಂದಕ್ಕೆ ಮುನ್ನೂರು ತೆಗೆದುಕೊಳ್ಳುತ್ತೇನೆ. ಆದರೆ ಹಣದ ಲೆಕ್ಕ ಇರುವ ಆಫೀಸಿನ ಕಂಪ್ಯೂಟರ್ ತಂದರೆ ಮುಟ್ಟುವುದಿಲ್ಲ, ಅಲ್ಲಿ ಲಾಕ್ ಬೀಳಲೇಬೇಕು. ಮೊನ್ನೆ ಹಾಗೆ ಒಬ್ಬರನ್ನು ವಾಪಸ್ ಕಳಿಸಿದೆ.